ಮನೆಯ ಆಡಿಯೊ ವ್ಯವಸ್ಥೆಗೆ ಪ್ರತ್ಯೇಕ ವಿದ್ಯುತ್ ಮಾರ್ಗ: ತಂತಿ ಮತ್ತು ಜೋಡಣೆಯ ಆಯ್ಕೆ

ಪ್ರತ್ಯೇಕ ಆಡಿಯೊ ಮಾರ್ಗವೆಂದರೆ ಆಂಪ್ಲಿಫೈಯರ್, ಸಬ್‌ವೂಫರ್, ಸಿ.ಡಿ. ಪ್ಲೇಯರ್, ಟರ್ನ್‌ಟೇಬಲ್, ಟಿ.ವಿ. ಮೊದಲಾದ ಉಪಕರಣಗಳಿಗೆಂದೇ ಮನೆಯ ವಿತರಣಾ ಪೆಟ್ಟಿಗೆಯಿಂದ ನೇರವಾಗಿ ಎಳೆದ ವಿದ್ಯುತ್ ಮಾರ್ಗ. ಇದಕ್ಕೆ ತನ್ನದೇ ಎಂ.ಸಿ.ಬಿ. (ಪ್ರವಾಹ ಮಿತಿ ಮೀರಿದರೆ ತಾನಾಗಿ ಬಿದ್ದು ಮಾರ್ಗ ಕಡಿಯುವ ಸ್ವಿಚ್) ಇರುತ್ತದೆ, ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ತಂತಿಗಳು ನಡುವೆ ಎಲ್ಲೂ ಕವಲೊಡೆಯದೆ ಆಡಿಯೊ ಉಪಕರಣಗಳ ಸಾಕೆಟ್ಟುಗಳವರೆಗೆ ಹೋಗುತ್ತವೆ. ಫ್ರಿಜ್, ಮಿಕ್ಸಿ, ಫ್ಯಾನು, ದೀಪಗಳು ಈ ಮಾರ್ಗಕ್ಕೆ ಸೇರುವುದಿಲ್ಲ. ಇಂಥ ಮಾರ್ಗವನ್ನು ರೂಪಿಸುವಾಗ ತಂತಿಯ ಗಾತ್ರ, ಲೋಹ, ಹೊದಿಕೆ, ಕೊಳವೆಯೊಳಗಿನ ವಿನ್ಯಾಸ, ಅರ್ಥಿಂಗ್, ರಕ್ಷಣಾ ಸಾಧನ ಮತ್ತು ಸಾಕೆಟ್ ಇವಿಷ್ಟನ್ನೂ ಒಟ್ಟಾಗಿ ನೋಡಬೇಕಾಗುತ್ತದೆ. ಈ ಲೇಖನದಲ್ಲಿ 230 ವೋಲ್ಟ್, 50 ಹರ್ಟ್ಸ್ ಸರಬರಾಜು ಇರುವ ಭಾರತದ ಮನೆಗಳನ್ನು ಮುಖ್ಯವಾಗಿ ಗಮನದಲ್ಲಿ ಇಟ್ಟುಕೊಳ್ಳಲಾಗಿದೆ.

ಉದ್ದೇಶ ಮತ್ತು ಮಿತಿ

ಸಾಮಾನ್ಯ ಮನೆಯಲ್ಲಿ ಒಂದು ಎಂ.ಸಿ.ಬಿ.ಯಿಂದ ಹೊರಟ ತಂತಿ ಹಜಾರದ ದೀಪ, ಫ್ಯಾನು, ಟಿ.ವಿ. ಸಾಕೆಟ್, ಕೆಲವೊಮ್ಮೆ ಪಕ್ಕದ ಕೋಣೆಯ ಸಾಕೆಟ್ಟುಗಳನ್ನೂ ಹಾದುಹೋಗುತ್ತದೆ. ಆ ತಂತಿಯ ರೋಧವನ್ನು ಎಲ್ಲ ಉಪಕರಣಗಳೂ ಹಂಚಿಕೊಳ್ಳುತ್ತವೆ. ಮೋಟಾರು ಇರುವ ಉಪಕರಣವೊಂದು ಚಾಲೂ ಆದ ಕ್ಷಣದಲ್ಲಿ ಅದು ಎಳೆಯುವ ಹೆಚ್ಚಿನ ಪ್ರವಾಹದಿಂದ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಅದೇ ತಂತಿಯ ಮೇಲಿರುವ ಆಂಪ್ಲಿಫೈಯರಿಗೂ ಆ ಕುಸಿತ ತಟ್ಟುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮತ್ತು ದೀಪದ ಡಿಮ್ಮರುಗಳು ಪ್ರತಿ ಅರ್ಧ ಆವರ್ತದಲ್ಲಿ ಪ್ರವಾಹವನ್ನು ಥಟ್ಟನೆ ಹರಿಯಬಿಡುವುದರಿಂದ ತೀಕ್ಷ್ಣವಾದ ವಿದ್ಯುತ್ ಗದ್ದಲ ಹುಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಬೇರೆ ಸಾಕೆಟ್ಟುಗಳ ಅರ್ಥ್ ತಂತಿಗಳು ಬೇರೆ ಬೇರೆ ದಾರಿಯಲ್ಲಿ ಸಾಗಿರುವುದರಿಂದ ಅವುಗಳ ತುದಿಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಪ್ರತ್ಯೇಕ ಮಾರ್ಗ ಈ ಮೂರು ತೊಂದರೆಗಳನ್ನೂ ಕಡಿಮೆ ಮಾಡುತ್ತದೆ.

ಆದರೆ ಈ ಪ್ರತ್ಯೇಕತೆ ವಿತರಣಾ ಪೆಟ್ಟಿಗೆಯವರೆಗೆ ಮಾತ್ರ. ಪೆಟ್ಟಿಗೆಯೊಳಗಿನ ತಾಮ್ರದ ಪಟ್ಟಿಯಲ್ಲಿ ಮನೆಯ ಮಾರ್ಗಗಳೆಲ್ಲ ಕೂಡಿಕೊಳ್ಳುತ್ತವೆ. ಬೀದಿಯ ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಹೆಚ್ಚಿ ವೋಲ್ಟೇಜ್ ಇಳಿದರೆ, ಸಿಡಿಲಿನಿಂದ ಆವೇಗ ಬಂದರೆ, ನೆರೆಮನೆಯ ವೆಲ್ಡಿಂಗ್ ಯಂತ್ರದ ಗದ್ದಲ ಲೈನಿನಲ್ಲಿ ಬಂದರೆ ಪ್ರತ್ಯೇಕ ಮಾರ್ಗ ಅದನ್ನು ತಡೆಯಲಾರದು. ಅಂಥವಕ್ಕೆ ಬೇರೆ ಸಾಧನಗಳು ಬೇಕು. ಒಂದೇ ಸಾಕೆಟ್ ಫಲಕದಿಂದ ನಡೆಯುವ, ಯಾವ ಗುಂಯ್‌ಗುಡುವಿಕೆಯೂ ಇಲ್ಲದ ಸಣ್ಣ ಸ್ಟೀರಿಯೊ ವ್ಯವಸ್ಥೆಗೆ ಪ್ರತ್ಯೇಕ ಮಾರ್ಗದ ಅಗತ್ಯವೇ ಬೀಳದಿರಬಹುದು. ಹೊಸ ಮನೆ ಕಟ್ಟಿಸುವಾಗ ಅಥವಾ ವೈರಿಂಗ್ ಬದಲಿಸುವಾಗ ಮಾತ್ರ ಅದರ ಖರ್ಚು ಅತ್ಯಲ್ಪ. ಆಗ ಅದನ್ನು ಸೇರಿಸಿಕೊಳ್ಳುವುದೇ ಜಾಣತನ.

ಹೊರೆಯ ಸ್ವಭಾವ

ತಂತಿಯ ಗಾತ್ರ ನಿರ್ಧರಿಸುವ ಮೊದಲು ಉಪಕರಣಗಳು ಎಳೆಯುವ ಪ್ರವಾಹ ಎಷ್ಟು, ಅದರ ಸ್ವರೂಪ ಎಂಥದು ಎಂದು ತಿಳಿಯಬೇಕು. ಪ್ರತಿ ಚಾನೆಲ್ಲಿಗೆ 100 ವಾಟ್ ಕೊಡುವ ಎರಡು ಚಾನೆಲ್ಲಿನ ಎಬಿ ವರ್ಗದ ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿ ನಿರಂತರ ಸ್ವರವೊಂದನ್ನು ನುಡಿಸಿದರೆ ಲೈನಿನಿಂದ ಸುಮಾರು 330 ವಾಟ್ ಎಳೆಯುತ್ತದೆ. ಸರಳ ರೆಕ್ಟಿಫೈಯರ್ ಇರುವ ಉಪಕರಣದ ಪವರ್ ಫ್ಯಾಕ್ಟರ್ 0.65ರ ಆಸುಪಾಸು ಇರುವುದರಿಂದ ಪ್ರವಾಹ 2.2 ಆಂಪಿಯರ್ ಆಗುತ್ತದೆ. ಸಂಗೀತ ನಿರಂತರ ಸ್ವರವಲ್ಲ. ಅದರ ಶಿಖರಗಳಿಗೂ ಸರಾಸರಿಗೂ ಬಹಳ ಅಂತರವಿದೆ. ಉಪಕರಣದ ಕಾವನ್ನು ಅಳೆಯುವ ಸುರಕ್ಷತಾ ಪರೀಕ್ಷೆಗಳಲ್ಲಿ ಪೂರ್ಣ ಶಕ್ತಿಯ ಎಂಟನೆಯ ಒಂದು ಭಾಗವನ್ನು ಗಟ್ಟಿಯಾದ ಸಂಗೀತದ ಸರಾಸರಿಯೆಂದು ಹಿಡಿಯುವ ರೂಢಿ ಇದೆ. ಆ ಲೆಕ್ಕದಲ್ಲಿ ಇದೇ ಆಂಪ್ಲಿಫೈಯರಿಗೆ 1 ಆಂಪಿಯರಿಗಿಂತ ಕಡಿಮೆ ಪ್ರವಾಹ ಸಾಕು. ಡಿ ವರ್ಗದ ಆಂಪ್ಲಿಫೈಯರುಗಳ ದಕ್ಷತೆ 90 ಶೇಕಡಾದ ಸಮೀಪ ಇರುವುದರಿಂದ ಅವು ಇನ್ನೂ ಕಡಿಮೆ ಎಳೆಯುತ್ತವೆ. ಎ ವರ್ಗದವು ಸಂಗೀತ ಇರಲಿ ಬಿಡಲಿ, ಸದಾ ಹೆಚ್ಚಿನ ಪ್ರವಾಹ ಎಳೆದು ಬಿಸಿಯಾಗುತ್ತಿರುತ್ತವೆ. ಹೀಗಾಗಿ ಮಲ್ಟಿಚಾನೆಲ್ ರಿಸೀವರ್, ಸಬ್‌ವೂಫರ್, ಟಿ.ವಿ. ಎಲ್ಲ ಸೇರಿದರೂ ಮನೆಯ ವ್ಯವಸ್ಥೆಗೆ 16 ಆಂಪಿಯರಿನ ಒಂದು ಮಾರ್ಗ ಧಾರಾಳವಾಗಿ ಸಾಲುತ್ತದೆ.

ಪ್ರವಾಹದ ಆಕಾರ ಮಾತ್ರ ವಿಶಿಷ್ಟ. 230 ವೋಲ್ಟ್ ಪರ್ಯಾಯ ವಿದ್ಯುತ್ತಿನ ಶಿಖರ 325 ವೋಲ್ಟ್. ಸಾಂಪ್ರದಾಯಿಕ ಪವರ್ ಸಪ್ಲೈನ ಕೆಪಾಸಿಟರುಗಳು ಅಲೆಯ ಈ ಶಿಖರದ ಹತ್ತಿರ ಮಾತ್ರ ತುಂಬಿಕೊಳ್ಳುತ್ತವೆ, ಸೆಕೆಂಡಿಗೆ 100 ಸಲ. ಹಾಗಾಗಿ ಸರಾಸರಿ 4–5 ಆಂಪಿಯರ್ ಎಳೆಯುವ ವ್ಯವಸ್ಥೆಯಲ್ಲಿ ಕ್ಷಣಿಕ ಪ್ರವಾಹ ಅದರ ಮೂರು ನಾಲ್ಕು ಪಟ್ಟು ಏರಬಹುದು. ಉಪಕರಣವನ್ನು ಚಾಲೂ ಮಾಡಿದ ಮೊದಲ ಆವರ್ತದಲ್ಲಿ ದೊಡ್ಡ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರುಗಳು ತಮ್ಮ ಸಾಮಾನ್ಯ ಪ್ರವಾಹದ ಹಲವು ಪಟ್ಟನ್ನು ಎಳೆಯುತ್ತವೆ. ಈ ಎರಡೂ ಸಂಗತಿಗಳು ಮುಂದೆ ತಂತಿ ಮತ್ತು ಎಂ.ಸಿ.ಬಿ. ಆಯ್ಕೆಯಲ್ಲಿ ಲೆಕ್ಕಕ್ಕೆ ಬರುತ್ತವೆ.

ತಂತಿಯ ಗಾತ್ರ

ತಂತಿಯ ಗಾತ್ರವನ್ನು ಇಂದು ವಾಹಕದ ಅಡ್ಡಕೊಯ್ತದಿಂದ, ಚದರ ಮಿಲಿಮೀಟರುಗಳಲ್ಲಿ ಹೇಳಲಾಗುತ್ತದೆ. ಹಳೆಯ ಎಲೆಕ್ಟ್ರೀಶಿಯನ್ನರ ಬಾಯಲ್ಲಿ 3/20, 7/20 ಎಂಬ ಲೆಕ್ಕ ಇನ್ನೂ ಉಳಿದಿದೆ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಬ್ರಿಟಿಷ್ ಗೇಜಿನ ಅಂಕಿ. 20 ಗೇಜಿನ ಎಳೆ 0.914 ಮಿ.ಮೀ. ದಪ್ಪ ಇರುವುದರಿಂದ 3/20 ಎಂದರೆ ಸುಮಾರು 2 ಚ.ಮಿ.ಮೀ., 7/20 ಎಂದರೆ ಸುಮಾರು 4.6 ಚ.ಮಿ.ಮೀ. ಹಳೆಯ ಮನೆಯ ವೈರಿಂಗನ್ನು ಪರಿಶೀಲಿಸುವಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಗಾತ್ರದ ಆಯ್ಕೆಗೆ ಎರಡು ಕಟ್ಟಳೆಗಳಿವೆ: ತಂತಿ ಕಾಯದೆ ಹೊರಬಲ್ಲ ಪ್ರವಾಹ ಮತ್ತು ತಂತಿಯಲ್ಲಿ ಆಗುವ ವೋಲ್ಟೇಜ್ ಇಳಿತ. ಗೋಡೆಯ ಕೊಳವೆಯಲ್ಲಿ ಸಾಗುವ ಪಿ.ವಿ.ಸಿ. ಹೊದಿಕೆಯ ತಾಮ್ರದ ತಂತಿಗಳಿಗೆ ಅಂತರರಾಷ್ಟ್ರೀಯ ಮಾನದಂಡಗಳಂತೆ ಹಿಡಿಯುವ ಮೌಲ್ಯಗಳು ಹೀಗಿವೆ. ಇಳಿತವನ್ನು 20 ಮೀಟರ್ ದೂರಕ್ಕೆ, ಅಂದರೆ ಹೋಗಿಬರುವ 40 ಮೀಟರ್ ತಂತಿಗೆ, 5 ಆಂಪಿಯರಿನಲ್ಲಿ ಲೆಕ್ಕ ಹಾಕಿದೆ.

| ಗಾತ್ರ (ಚ.ಮಿ.ಮೀ.) | 1 ಕಿ.ಮೀ.ಗೆ ರೋಧ (ಓಮ್) | 30 ಡಿಗ್ರಿಯಲ್ಲಿ ಸಾಮರ್ಥ್ಯ (ಆಂಪಿಯರ್) | 40 ಡಿಗ್ರಿಯಲ್ಲಿ ಸಾಮರ್ಥ್ಯ (ಆಂಪಿಯರ್) | ವೋಲ್ಟೇಜ್ ಇಳಿತ (ವೋಲ್ಟ್) |
|---|---|---|---|---|
| 1.5 | 12.1 | 17.5 | 15.2 | 2.42 |
| 2.5 | 7.41 | 24 | 20.9 | 1.48 |
| 4 | 4.61 | 32 | 27.8 | 0.92 |
| 6 | 3.08 | 41 | 35.7 | 0.62 |

ಗಡುಸು ತಂತಿಯ ಬದಲು ಈಗ ಹೆಚ್ಚು ಬಳಕೆಯಲ್ಲಿರುವ ಸಣ್ಣ ಎಳೆಗಳ ಮೆತು ತಂತಿಯ ರೋಧ ಸುಮಾರು 7–8 ಶೇಕಡಾ ಹೆಚ್ಚು. ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಅಲ್ಲಿ ನಾಲ್ಕನೆಯ ಕಂಬಸಾಲಿನ ಸಂಖ್ಯೆಗಳನ್ನೇ ನಂಬಬೇಕು. ಒಂದೇ ಕೊಳವೆಯಲ್ಲಿ ಬೇರೆ ಮಾರ್ಗಗಳ ತಂತಿಗಳೂ ಇದ್ದರೆ ಸಾಮರ್ಥ್ಯ ಇನ್ನೂ ಇಳಿಯುತ್ತದೆ. ಇದನ್ನು ನೋಡಿದರೆ 1.5 ಚ.ಮಿ.ಮೀ. ತಂತಿ 16 ಆಂಪಿಯರ್ ಮಾರ್ಗಕ್ಕೆ ಸಲ್ಲದು, 2.5 ಚ.ಮಿ.ಮೀ. ಕನಿಷ್ಠ, 4 ಚ.ಮಿ.ಮೀ. ನೆಮ್ಮದಿಯ ಆಯ್ಕೆ.

ವೋಲ್ಟೇಜ್ ಇಳಿತದ ವಿಷಯದಲ್ಲಿ ಅಂತರರಾಷ್ಟ್ರೀಯ ಮಾನದಂಡ ಐಇಸಿ 60364 ದೀಪಗಳಿಗೆ 3 ಶೇಕಡಾ, ಇತರ ಬಳಕೆಗೆ 5 ಶೇಕಡಾ ಮಿತಿಯನ್ನು ಸೂಚಿಸುತ್ತದೆ. 2.5 ಚ.ಮಿ.ಮೀ. ತಂತಿಯ 1.48 ವೋಲ್ಟ್ ಇಳಿತ 230ರಲ್ಲಿ 0.64 ಶೇಕಡಾ ಮಾತ್ರ. ಅದು ಆಂಪ್ಲಿಫೈಯರಿನ ಗರಿಷ್ಠ ಧ್ವನಿಯನ್ನು 0.06 ಡೆಸಿಬೆಲ್‌ನಷ್ಟು ತಗ್ಗಿಸಬಲ್ಲದು. 20 ಆಂಪಿಯರಿನ ಕ್ಷಣಿಕ ಶಿಖರಗಳನ್ನು ಹಿಡಿದರೂ ಇಳಿತ 5.9 ವೋಲ್ಟ್, ಅಂದರೆ 325ರಲ್ಲಿ 1.8 ಶೇಕಡಾ; ಪರಿಣಾಮ 0.16 ಡೆಸಿಬೆಲ್. 4 ಚ.ಮಿ.ಮೀ. ತಂತಿಯಲ್ಲಿ ಅದು 0.1 ಡೆಸಿಬೆಲ್‌ಗೆ ಇಳಿಯುತ್ತದೆ. ಕಿವಿ ಇಷ್ಟು ಸಣ್ಣ ವ್ಯತ್ಯಾಸವನ್ನು ಸಂಗೀತದಲ್ಲಿ ಗುರುತಿಸದು. ದಪ್ಪ ತಂತಿಯಿಂದ ಧ್ವನಿಯ ಬಲ ಹೆಚ್ಚುತ್ತದೆ ಎಂಬ ನಿರೀಕ್ಷೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಆದರೂ 4 ಚ.ಮಿ.ಮೀ. ತಂತಿಯನ್ನು ಶಿಫಾರಸು ಮಾಡಲು ಕಾರಣಗಳಿವೆ: ತಂತಿ ಕಾಯುವುದಿಲ್ಲ, ಮುಂದೆ ಹೊರೆ ಬೆಳೆದರೂ ಗೋಡೆ ಒಡೆಯಬೇಕಿಲ್ಲ, ಅಷ್ಟೇ ದಪ್ಪದ ಅರ್ಥ್ ತಂತಿ ಹಾಕಿದರೆ ಭೂಸಂಪರ್ಕದ ರೋಧವೂ ತಗ್ಗುತ್ತದೆ. ದೂರ 25–30 ಮೀಟರ್ ದಾಟಿದರೆ 6 ಚ.ಮಿ.ಮೀ. ಪರಿಗಣಿಸಬಹುದು. ಆದರೆ ಸಾಮಾನ್ಯ 16 ಆಂಪಿಯರ್ ಸಾಕೆಟ್ಟಿನ ತಿರುಪಿನ ಕಂಡಿಯಲ್ಲಿ ಅಷ್ಟು ದಪ್ಪದ ಎರಡು ತಂತಿಗಳು ಸರಿಯಾಗಿ ಕೂರುವುದು ಕಷ್ಟ. ಬಿಗಿಯಾಗಿ ಕೂರದ ದಪ್ಪ ತಂತಿಗಿಂತ ಬಿಗಿಯಾಗಿ ಕೂತ ತೆಳು ತಂತಿ ಮೇಲು.

ಲೋಹ ಮತ್ತು ಹೊದಿಕೆ

1913ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಪ್ರಮಾಣದಂತೆ 20 ಡಿಗ್ರಿಯಲ್ಲಿ 1 ಚ.ಮಿ.ಮೀ. ಅಡ್ಡಕೊಯ್ತದ 1 ಮೀಟರ್ ತಾಮ್ರದ ರೋಧ 0.01724 ಓಮ್. ಇದನ್ನು 100 ಶೇಕಡಾ ವಾಹಕತೆ ಎಂದು ಹಿಡಿದರೆ ಅಲ್ಯೂಮಿನಿಯಂ 61 ಶೇಕಡಾ, ಬೆಳ್ಳಿ ಸುಮಾರು 106 ಶೇಕಡಾ. ಆಮ್ಲಜನಕ ಮುಕ್ತವೆಂದು ಮಾರಾಟವಾಗುವ ತಾಮ್ರ 101 ಶೇಕಡಾದ ಆಸುಪಾಸು ಇರುತ್ತದೆ. ಅಂದರೆ ಸಾಧಾರಣ ವೈರಿಂಗ್ ತಾಮ್ರಕ್ಕೂ ಅದಕ್ಕೂ ಇರುವ ಅಂತರ ಒಂದೆರಡು ಶೇಕಡಾ ಮಾತ್ರ. ಬೆಳ್ಳಿಗೆ ಹೋದರೂ ರೋಧ 6 ಶೇಕಡಾ ತಗ್ಗುತ್ತದೆ. ಅದೇ ತಾಮ್ರವನ್ನು 2.5ರಿಂದ 4 ಚ.ಮಿ.ಮೀ.ಗೆ ಏರಿಸಿದರೆ 38 ಶೇಕಡಾ ತಗ್ಗುತ್ತದೆ. ಹಣವನ್ನು ಗಾತ್ರಕ್ಕೆ ಹಾಕಬೇಕೇ ಹೊರತು ಲೋಹದ ಶುದ್ಧತೆಗೆ ಅಲ್ಲ ಎನ್ನುವುದು ಇದರ ಸಾರ. ಅಲ್ಯೂಮಿನಿಯಂ ತಂತಿ ತಿರುಪಿನ ಒತ್ತಡಕ್ಕೆ ನಿಧಾನವಾಗಿ ಸರಿಯುತ್ತದೆ, ಮೇಲ್ಮೈಯಲ್ಲಿ ವಾಹಕವಲ್ಲದ ಆಕ್ಸೈಡ್ ಪದರ ಕಟ್ಟುತ್ತದೆ. ಆದ್ದರಿಂದ ಮನೆಯೊಳಗಿನ ಸಣ್ಣ ಮಾರ್ಗಗಳಿಗೆ ಅದು ತಕ್ಕುದಲ್ಲ.

ಪರ್ಯಾಯ ವಿದ್ಯುತ್ತು ವಾಹಕದ ಮೇಲ್ಪದರದಲ್ಲೇ ಹರಿಯುತ್ತದೆ, ಹಾಗಾಗಿ ಬೆಳ್ಳಿಯ ಲೇಪವಿರುವ ತಂತಿ ಬೇಕು ಎಂಬ ವಾದವೂ ಕೇಳಿಬರುತ್ತದೆ. 50 ಹರ್ಟ್ಸ್‌ನಲ್ಲಿ ತಾಮ್ರದೊಳಗೆ ಪ್ರವಾಹ ಇಳಿಯುವ ಆಳ ಸುಮಾರು 9.3 ಮಿ.ಮೀ. 6 ಚ.ಮಿ.ಮೀ. ತಂತಿಯ ತ್ರಿಜ್ಯವೇ 1.4 ಮಿ.ಮೀ. ಇರುವಾಗ ಪ್ರವಾಹ ತಂತಿಯ ಇಡೀ ಅಡ್ಡಕೊಯ್ತದಲ್ಲಿ ಸಮನಾಗಿ ಹರಡುತ್ತದೆ.

ಭಾರತದಲ್ಲಿ ಪಿ.ವಿ.ಸಿ. ಹೊದಿಕೆಯ ತಂತಿಗಳಿಗೆ ಐಎಸ್ 694 ಮಾನದಂಡ ಅನ್ವಯಿಸುತ್ತದೆ. ತಂತಿಯ ಮೇಲೆ ಐ.ಎಸ್.ಐ. ಗುರುತು, ಗಾತ್ರ ಮತ್ತು ವೋಲ್ಟೇಜ್ ಅಚ್ಚಾಗಿರಬೇಕು. ಹೊದಿಕೆಗಳಲ್ಲಿ ಬೆಂಕಿ ಹರಡುವುದನ್ನು ತಡೆಯುವ ಎಫ್.ಆರ್., ಜೊತೆಗೆ ಹೊಗೆ ಮತ್ತು ಆಮ್ಲೀಯ ಅನಿಲಗಳನ್ನು ಮಿತಿಗೊಳಿಸುವ ಎಫ್.ಆರ್.ಎಲ್.ಎಸ್.ಎಚ್., ಕ್ಲೋರಿನ್‌ನಂಥ ಹ್ಯಾಲೊಜನ್ ಇಲ್ಲದ ಎಚ್.ಎಫ್.ಎಫ್.ಆರ್. ಎಂಬ ಬಗೆಗಳಿವೆ. ಗೋಡೆಗೆ ಬಟ್ಟೆ, ಸ್ಪಂಜು, ಮರದ ಹಲಗೆ ಹೊದಿಸಿ ಕಿಟಕಿ ಮುಚ್ಚುವ ಹೋಂ ಥಿಯೇಟರ್ ಕೋಣೆಯಲ್ಲಿ ಹೊಗೆಯೇ ಮೊದಲ ಅಪಾಯ. ಅಂಥಲ್ಲಿ ಕೊನೆಯ ಎರಡು ಬಗೆಗಳಲ್ಲಿ ಒಂದನ್ನು ಆರಿಸುವುದು ಒಳಿತು. ಧ್ವನಿಯ ಗುಣಕ್ಕೂ ಹೊದಿಕೆಯ ಬಣ್ಣಕ್ಕೂ ಬಗೆಗೂ ಸಂಬಂಧವಿಲ್ಲ. ಬಣ್ಣದ ಕೆಲಸ ಗುರುತಿಸುವುದು: ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್ಲಿಗೆ ಕಪ್ಪು, ಅರ್ಥಿಗೆ ಹಸಿರು ಅಥವಾ ಹಸಿರು-ಹಳದಿ ಪಟ್ಟೆ ಎಂಬ ರೂಢಿಯನ್ನು ಮುರಿಯಬಾರದು.

ಅರ್ಥಿಂಗ್

ಅರ್ಥ್ ತಂತಿಯ ಮೊದಲ ಕೆಲಸ ಜೀವರಕ್ಷಣೆ. ಉಪಕರಣದ ಲೋಹದ ಕವಚಕ್ಕೆ ಫೇಸ್ ತಗುಲಿದರೆ ಪ್ರವಾಹ ಸುಲಭವಾಗಿ ಹಿಂದಿರುಗಿ ಎಂ.ಸಿ.ಬಿ. ಅಥವಾ ಸೋರಿಕೆಯನ್ನು ಗುರುತಿಸುವ ಆರ್.ಸಿ.ಸಿ.ಬಿ. ಕೂಡಲೇ ಬೀಳುವಂತೆ ಅದು ದಾರಿ ಮಾಡಿಕೊಡಬೇಕು. ಭೂಸಂಪರ್ಕದ ವಿಧಾನಗಳನ್ನು ಭಾರತದಲ್ಲಿ ಐಎಸ್ 3043, ಒಟ್ಟು ವೈರಿಂಗನ್ನು ಐಎಸ್ 732 ಮಾನದಂಡ ವಿವರಿಸುತ್ತವೆ.

ಆಡಿಯೊ ವ್ಯವಸ್ಥೆಗೆಂದು ತೋಟದಲ್ಲಿ ಬೇರೆಯೇ ಗುಂಡಿ ತೋಡಿ, ಮನೆಯ ಅರ್ಥಿಂಗಿಗೆ ಸೇರಿಸದೆ, ಅಲ್ಲಿಂದ ನೇರವಾಗಿ ಸಾಕೆಟ್ಟಿಗೆ ತಂತಿ ತರುವ ಪದ್ಧತಿ ಕೆಲವೆಡೆ ಕಾಣುತ್ತದೆ. ಇದು ಅಪಾಯಕಾರಿ. ಫೇಸ್ ತಂತಿ ಆಂಪ್ಲಿಫೈಯರಿನ ಕವಚಕ್ಕೆ ತಗುಲಿದೆ, ಪ್ರವಾಹ ಮಣ್ಣಿನ ಮೂಲಕವೇ ಟ್ರಾನ್ಸ್‌ಫಾರ್ಮರಿಗೆ ಮರಳಬೇಕು, ಆ ದಾರಿಯ ಒಟ್ಟು ರೋಧ 5 ಓಮ್ ಎಂದಿಟ್ಟುಕೊಂಡರೆ ಹರಿಯುವ ಪ್ರವಾಹ 46 ಆಂಪಿಯರ್. ಸಿ ಬಗೆಯ 16 ಆಂಪಿಯರಿನ ಎಂ.ಸಿ.ಬಿ. ತಕ್ಷಣ ಬೀಳುವ ಖಾತರಿ ಇರುವುದು 160 ಆಂಪಿಯರಿನಲ್ಲಿ. ಹಾಗಾಗಿ ಅದು ಸುಮ್ಮನೆ ಬಿಸಿಯಾಗುತ್ತಾ ಬಹು ಸೆಕೆಂಡುಗಳ ಕಾಲ ಹಾಗೆಯೇ ಉಳಿಯಬಹುದು. ಅಷ್ಟು ಹೊತ್ತೂ ಕವಚದ ಮೇಲೆ ಪ್ರಾಣಕ್ಕೆ ಎರವಾಗುವಷ್ಟು ವೋಲ್ಟೇಜ್ ಇರುತ್ತದೆ. ಸಿಡಿಲು ಹತ್ತಿರದಲ್ಲಿ ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಹುಟ್ಟಿ ಅದು ಉಪಕರಣಗಳ ಮೂಲಕವೇ ಹರಿಯುತ್ತದೆ. ಹೊಸ ಗುಂಡಿ ಮಾಡುವುದಾದರೆ ಅದನ್ನು ಮನೆಯ ಮುಖ್ಯ ಅರ್ಥ್ ಪಟ್ಟಿಗೆ ದಪ್ಪ ತಂತಿಯಿಂದ ಸೇರಿಸಲೇಬೇಕು. ಗುಂಯ್ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವುದು, ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲಿ ನ್ಯೂಟ್ರಲ್ಲನ್ನೂ ಅರ್ಥನ್ನೂ ಒಂದು ತುಂಡು ತಂತಿಯಿಂದ ಕೂಡಿಸುವುದು ಇವೆರಡನ್ನೂ ಎಂದಿಗೂ ಮಾಡಬಾರದು. ಎರಡನೆಯ ಪ್ರಕರಣದಲ್ಲಿ ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಉಪಕರಣಗಳ ಕವಚಗಳೆಲ್ಲ 230 ವೋಲ್ಟ್‌ಗೆ ಏರುತ್ತವೆ.

ಗುಂಯ್ ಸದ್ದಿನ ಮೂಲ

ಸ್ಪೀಕರಿನಿಂದ ಬರುವ ಗುಂಯ್ ಸದ್ದಿನ ಸಾಮಾನ್ಯ ಕಾರಣ ಅರ್ಥ್ ಲೂಪ್. ಟಿ.ವಿ. ಒಂದು ಸಾಕೆಟ್ಟಿನಲ್ಲಿ, ಅರ್ಥ್ ಪಿನ್ ಇರುವ ಸಬ್‌ವೂಫರ್ ಕೋಣೆಯ ಇನ್ನೊಂದು ಮೂಲೆಯ ಸಾಕೆಟ್ಟಿನಲ್ಲಿ, ನಡುವೆ ಆರ್.ಸಿ.ಎ. ಕೇಬಲ್. ಆಗ ಒಂದು ಉಪಕರಣದ ಕವಚದಿಂದ ಅರ್ಥ್ ತಂತಿ, ವಿತರಣಾ ಪೆಟ್ಟಿಗೆ, ಇನ್ನೊಂದು ಅರ್ಥ್ ತಂತಿ, ಇನ್ನೊಂದು ಕವಚ, ಸಿಗ್ನಲ್ ಕೇಬಲಿನ ಹೊರಜಾಲರಿ ಹೀಗೆ ಒಂದು ಸುತ್ತು ಪೂರ್ಣವಾಗುತ್ತದೆ. ಈ ಸುತ್ತಿನಲ್ಲಿ ಹರಿಯುವ 50 ಹರ್ಟ್ಸ್ ಪ್ರವಾಹ ಜಾಲರಿಯ ರೋಧದಲ್ಲಿ ಉಂಟುಮಾಡುವ ವೋಲ್ಟೇಜ್ ನೇರವಾಗಿ ಸಂಗೀತದ ಸಿಗ್ನಲ್ಲಿಗೆ ಸೇರುತ್ತದೆ. ಗೃಹ ಉಪಕರಣಗಳ ಸಿಗ್ನಲ್ ಮಟ್ಟ ಸುಮಾರು 0.316 ವೋಲ್ಟ್. ಅದಕ್ಕೆ ಸೇರುವ ಗದ್ದಲ 1 ಮಿಲಿವೋಲ್ಟ್ ಆದರೂ ಸಂಗೀತಕ್ಕೂ ಗುಂಯ್‌ಗೂ ಇರುವ ಅಂತರ 50 ಡೆಸಿಬೆಲ್ ಮಾತ್ರ, ಸಿ.ಡಿ.ಯ 16 ಬಿಟ್ ಧ್ವನಿಮುದ್ರಣಕ್ಕೆ ಸುಮಾರು 96 ಡೆಸಿಬೆಲ್ ವ್ಯಾಪ್ತಿ ಇರುವುದನ್ನು ನೆನೆದರೆ ಇದು ಎಷ್ಟು ದೊಡ್ಡ ನಷ್ಟ ಎಂಬುದು ತಿಳಿಯುತ್ತದೆ.

ಅರ್ಥ್ ತಂತಿಯಲ್ಲಿ ಈ ವೋಲ್ಟೇಜ್ ಬರುವುದಾದರೂ ಎಲ್ಲಿಂದ? ಉಪಕರಣಗಳೊಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಪ್ರವಾಹ ಒಂದು ಮೂಲ. ಅದಕ್ಕಿಂತ ದೊಡ್ಡ ಮೂಲವೊಂದನ್ನು ಬಿಲ್ ವಿಟ್ಲಾಕ್ ಮತ್ತು ಜೇಮಿ ಫಾಕ್ಸ್ 2010ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದಲ್ಲಿ ವಿವರಿಸಿದರು. ಫೇಸ್ ಮತ್ತು ನ್ಯೂಟ್ರಲ್ ತಂತಿಗಳಲ್ಲಿ ಪ್ರವಾಹ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತದೆ. ಅರ್ಥ್ ತಂತಿ ಎರಡಕ್ಕೂ ಸಮದೂರದಲ್ಲಿದ್ದರೆ ಅವುಗಳ ಕಾಂತಕ್ಷೇತ್ರಗಳು ಅದರಲ್ಲಿ ಪ್ರೇರಿಸುವ ವೋಲ್ಟೇಜುಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಕೊಳವೆಯೊಳಗೆ ಬಿಡಿ ತಂತಿಗಳು ಹೇಗೋ ಹಾಗೆ ಬಿದ್ದಿರುವಾಗ ಅರ್ಥ್ ತಂತಿ ಫೇಸಿಗೋ ನ್ಯೂಟ್ರಲ್ಲಿಗೋ ಅಂಟಿಕೊಂಡು ಸಾಗುತ್ತದೆ. ಆಗ ಕಳೆದುಕೊಳ್ಳುವಿಕೆ ಅಪೂರ್ಣವಾಗಿ, ತಂತಿಯ ಉದ್ದಕ್ಕೂ ವೋಲ್ಟೇಜ್ ಕೂಡುತ್ತಾ ಹೋಗುತ್ತದೆ. ಪ್ರವಾಹ ಚೂಪಾದ ತುಣುಕುಗಳಾಗಿ ಹರಿದಷ್ಟೂ ಪ್ರೇರಣೆ ಹೆಚ್ಚು. ಹಾಗಾಗಿ ಡಿಮ್ಮರುಗಳಿರುವ ಮನೆಗಳಲ್ಲಿ ಗುಂಯ್ ಜೊತೆಗೆ ಜಿರ್ರೆಂಬ ಸದ್ದೂ ಕೇಳುತ್ತದೆ.

ಭಾರತದ ಮನೆಗಳಲ್ಲಿ ಕೊಳವೆಯೊಳಗೆ ಬಿಡಿ ತಂತಿಗಳನ್ನೇ ಎಳೆಯುವುದರಿಂದ ಈ ಸಂಗತಿ ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ. ಪರಿಹಾರವೂ ಸರಳ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಎಳೆಯುವ ಮೊದಲು ನೆಲದ ಮೇಲೆ ಚಾಚಿ, ಒಂದು ತುದಿಯನ್ನು ಕಟ್ಟಿ, ಇನ್ನೊಂದನ್ನು ಕೈಯಿಂದಲೋ ನಿಧಾನ ವೇಗದ ಡ್ರಿಲ್ಲಿನಿಂದಲೋ ಸಮನಾಗಿ ಹುರಿಗೊಳಿಸಬೇಕು. ಒಂದು ಗೇಣಿನೊಳಗೆ ಒಂದೆರಡು ಸುತ್ತು ಬಂದರೆ ಸಾಕು. ಹೊದಿಕೆಯನ್ನು ಹಿಂಡುವಷ್ಟು ಬಿಗಿ ಬೇಡ. ಅರ್ಥ್ ತಂತಿಯನ್ನು ಈ ಜೋಡಿಯ ಪಕ್ಕದಲ್ಲಿ ನೇರವಾಗಿ ಎಳೆಯಬೇಕು. ಹುರಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಸರದಿಯಂತೆ ಅರ್ಥ್ ತಂತಿಯ ಹತ್ತಿರ ಬರುವುದರಿಂದ ಪ್ರೇರಣೆ ಸರಿದೂಗುತ್ತದೆ. ಮೂರು ತಂತಿಗಳೂ ಒಂದೇ ಹೊರಕವಚದಲ್ಲಿ ಹುರಿಗೊಂಡಿರುವ ಮೂರು ಕೋರಿನ ದುಂಡು ಕೇಬಲ್ ಕೂಡ ಇದೇ ಫಲ ಕೊಡುತ್ತದೆ. ಹುರಿಗೊಳಿಸಿದ ಜೋಡಿ ಹೆಚ್ಚು ಜಾಗ ಹಿಡಿಯುವುದರಿಂದ 25 ಮಿ.ಮೀ. ಕೊಳವೆ ಹಾಕುವುದು ಅನುಕೂಲ.

ಪ್ರೇರಣೆಯನ್ನು ತಗ್ಗಿಸುವುದರ ಜೊತೆಗೆ ಲೂಪನ್ನೂ ಚಿಕ್ಕದಾಗಿಸಬೇಕು. ಸಿಗ್ನಲ್ ಕೇಬಲಿನಿಂದ ಪರಸ್ಪರ ಕೂಡಿರುವ ಎಲ್ಲ ಉಪಕರಣಗಳೂ ಒಂದೇ ಮಾರ್ಗದ, ಸಾಧ್ಯವಾದರೆ ಒಂದೇ ಫಲಕದ ಸಾಕೆಟ್ಟುಗಳಿಂದ ವಿದ್ಯುತ್ ಪಡೆದರೆ ಅವುಗಳ ಅರ್ಥ್ ಬಿಂದುಗಳು ಒಂದೇ ಮಟ್ಟದಲ್ಲಿರುತ್ತವೆ. ಆಂಪ್ಲಿಫೈಯರಿಗೊಂದು, ಪ್ಲೇಯರಿಗೊಂದು ಎಂದು ಎರಡು ಮೂರು ಪ್ರತ್ಯೇಕ ಮಾರ್ಗಗಳನ್ನು ಎಳೆಸುವವರಿದ್ದಾರೆ. ಅವುಗಳ ಅರ್ಥ್ ತಂತಿಗಳು ವಿತರಣಾ ಪೆಟ್ಟಿಗೆಯಲ್ಲಷ್ಟೇ ಕೂಡುವುದರಿಂದ ಲೂಪ್ ಹಿಗ್ಗುತ್ತದೆ. ಒಂದು ಒಳ್ಳೆಯ ಮಾರ್ಗವೇ ಮೇಲು. ಹೆಚ್ಚು ಬೇಕೆಂದಾದರೆ ಅವು ಒಂದೇ ದಾರಿಯಲ್ಲಿ ಸಾಗಿ ಸಾಕೆಟ್ಟಿನ ಬಳಿ ಅರ್ಥ್ ತಂತಿಗಳನ್ನು ಕೂಡಿಸಿರಬೇಕು. ಮೂರು ಫೇಸ್ ಸಂಪರ್ಕವಿರುವ ಮನೆಯಲ್ಲಿ ಆಡಿಯೊ ಉಪಕರಣಗಳೆಲ್ಲ ಒಂದೇ ಫೇಸಿನಲ್ಲಿರಬೇಕು. ಎರಡು ಫೇಸುಗಳ ನಡುವೆ 400 ವೋಲ್ಟ್ ಇರುವುದರಿಂದ ಒಂದೇ ಫಲಕದಲ್ಲಿ ಎರಡನ್ನೂ ತರುವುದು ಅಪಾಯವೂ ಹೌದು.

ಟಿ.ವಿ.ಗೆ ಬರುವ ಕೇಬಲ್ ಅಥವಾ ಡಿಶ್ಶಿನ ತಂತಿ ಹೊರಗಿನಿಂದ ಬೇರೆಯೇ ಭೂಮಟ್ಟವನ್ನು ಹೊತ್ತು ತರುತ್ತದೆ. ಪ್ರತ್ಯೇಕ ಮಾರ್ಗ ಹಾಕಿದ ಮೇಲೂ ಗುಂಯ್ ಉಳಿದರೆ ಮೊದಲು ಈ ತಂತಿಯನ್ನು ಕಳಚಿ ನೋಡಬೇಕು. ಸದ್ದು ನಿಂತರೆ ಆ ತಂತಿಯನ್ನು ಮನೆಯೊಳಗೆ ಬರುವಲ್ಲಿ ಮುಖ್ಯ ಅರ್ಥಿಂಗಿಗೆ ಕೂಡಿಸುವುದು, ಸಿಗ್ನಲ್ ದಾರಿಯಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಡುವುದು ಅಥವಾ ಆಪ್ಟಿಕಲ್ ಕೇಬಲ್ ಬಳಸುವುದು ಪರಿಹಾರ.

ರಕ್ಷಣಾ ಸಾಧನಗಳು

ಎಂ.ಸಿ.ಬಿ.ಯ ಅಳತೆ ತಂತಿಯ ಸಾಮರ್ಥ್ಯವನ್ನು ಮೀರಬಾರದು. 4 ಚ.ಮಿ.ಮೀ. ತಂತಿಗೆ 16 ಆಂಪಿಯರಿನ ಎಂ.ಸಿ.ಬಿ. ಹಾಕಬಹುದು, 1.5 ಚ.ಮಿ.ಮೀ. ತಂತಿಗೆ 25 ಆಂಪಿಯರಿನದನ್ನು ಹಾಕಿದರೆ ಎಂ.ಸಿ.ಬಿ. ಬೀಳುವ ಮೊದಲೇ ತಂತಿ ಅತಿಯಾಗಿ ಕಾದು ಹೊದಿಕೆ ಕೆಡಬಹುದು. ಬಿ ಬಗೆಯ ಎಂ.ಸಿ.ಬಿ. ತನ್ನ ಅಳತೆಯ 3ರಿಂದ 5 ಪಟ್ಟು, ಸಿ ಬಗೆಯದು 5ರಿಂದ 10 ಪಟ್ಟು, ಡಿ ಬಗೆಯದು 10ರಿಂದ 20 ಪಟ್ಟು ಪ್ರವಾಹಕ್ಕೆ ತಕ್ಷಣ ಬೀಳುತ್ತದೆ. ಟೊರಾಯ್ಡಲ್ ಟ್ರಾನ್ಸ್‌ಫಾರ್ಮರಿನ ಆರಂಭಿಕ ಪ್ರವಾಹಕ್ಕೆ ಬಿ ಬಗೆ ಪದೇಪದೇ ಬೀಳಬಹುದಾದ್ದರಿಂದ ಸಿ ಬಗೆ ರೂಢಿ. ಅದೂ ಬೀಳುತ್ತಿದ್ದರೆ ಡಿ ಬಗೆಗೆ ಹೋಗುವ ಬದಲು ಆಂಪ್ಲಿಫೈಯರಿಗೆ ನಿಧಾನ ಆರಂಭದ ಸಾಧನ ಅಳವಡಿಸುವುದು ಸುರಕ್ಷಿತ.

ಆರ್.ಸಿ.ಸಿ.ಬಿ. ಫೇಸ್ ಮತ್ತು ನ್ಯೂಟ್ರಲ್ ಪ್ರವಾಹಗಳ ವ್ಯತ್ಯಾಸವನ್ನು ಗಮನಿಸಿ 30 ಮಿಲಿಆಂಪಿಯರ್ ಸೋರಿಕೆಗೆ 0.3 ಸೆಕೆಂಡಿನೊಳಗೆ ಬೀಳುತ್ತದೆ. ಅರ್ಥ್ ಗುಂಡಿಯನ್ನೇ ನೆಚ್ಚಿರುವ ಮನೆಗಳಲ್ಲಿ, ಮೇಲಿನ 46 ಆಂಪಿಯರಿನ ಲೆಕ್ಕ ತೋರಿಸುವಂತೆ, ಪ್ರಾಣ ಕಾಯುವುದು ಇದೇ. ಆಡಿಯೊ ಉಪಕರಣಗಳ ಸಹಜ ಸೋರಿಕೆಯಿಂದ ಇದು ಸುಮ್ಮನೆ ಬೀಳುತ್ತದೆ ಎಂಬ ಅಳುಕು ಹಲವರಿಗಿದೆ. 4.7 ನ್ಯಾನೊಫ್ಯಾರಡ್ ಫಿಲ್ಟರ್ ಕೆಪಾಸಿಟರಿನಿಂದ 230 ವೋಲ್ಟ್‌ನಲ್ಲಿ ಸೋರುವುದು 0.34 ಮಿಲಿಆಂಪಿಯರ್, ಹತ್ತು ಉಪಕರಣಗಳು ಸೇರಿದರೂ ಕೆಲವೇ ಮಿಲಿಆಂಪಿಯರ್ ಆಗುತ್ತದೆ. ಮನೆಗೆಲ್ಲ ಒಂದೇ ಆರ್.ಸಿ.ಸಿ.ಬಿ. ಇದ್ದರೆ ಗೀಸರಿನ ಸೋರಿಕೆಗೆ ಸಂಗೀತ ನಿಲ್ಲುತ್ತದೆ. ಎಂ.ಸಿ.ಬಿ. ಮತ್ತು ಆರ್.ಸಿ.ಸಿ.ಬಿ. ಎರಡೂ ಅಡಕವಾಗಿರುವ ಆರ್.ಸಿ.ಬಿ.ಒ. ಒಂದನ್ನು ಈ ಮಾರ್ಗಕ್ಕೇ ಹಾಕುವುದು ಉತ್ತಮ. ರೆಕ್ಟಿಫೈಯರುಗಳಿರುವ ಉಪಕರಣಗಳಿಗೆ ಸ್ಪಂದನಶೀಲ ನೇರ ಪ್ರವಾಹವನ್ನೂ ಗುರುತಿಸುವ ಎ ಬಗೆಯದು ಬೇಕು. ಈ ಮಾರ್ಗದ ನ್ಯೂಟ್ರಲ್ ಬೇರೆ ಮಾರ್ಗದ ನ್ಯೂಟ್ರಲ್ಲಿನೊಂದಿಗೆ ಎಲ್ಲೂ ಬೆರೆಯಕೂಡದು, ಬೆರೆತರೆ ಆರ್.ಸಿ.ಬಿ.ಒ. ಪದೇಪದೇ ಬೀಳುತ್ತಿರುತ್ತದೆ.

ಸಿಡಿಲಿನ ಆವೇಗದಿಂದ ರಕ್ಷಿಸಲು ವಿತರಣಾ ಪೆಟ್ಟಿಗೆಯಲ್ಲಿ ಎರಡನೆಯ ಬಗೆಯ ಸರ್ಜ್ ರಕ್ಷಕ ಇರಬೇಕು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಮನೆಗೆ 230ರ ಬದಲು 400 ವೋಲ್ಟ್‌ವರೆಗೂ ಬರಬಹುದು. ಆ ಹೊತ್ತಿನಲ್ಲಿ ಸರ್ಜ್ ರಕ್ಷಕ ಸಾಲದು. ವೋಲ್ಟೇಜ್ ಮಿತಿ ಮೀರಿದೊಡನೆ ಮಾರ್ಗ ಕಡಿಯುವ ಸಾಧನ ಬೇಕು.

ಸಾಕೆಟ್ ಮತ್ತು ಕೂಡುಬಿಂದುಗಳು

ಭಾರತದ ಮೂರು ಪಿನ್ನಿನ ಪ್ಲಗ್ಗು, ಸಾಕೆಟ್ಟುಗಳಿಗೆ ಐಎಸ್ 1293 ಮಾನದಂಡವಿದ್ದು 6 ಮತ್ತು 16 ಆಂಪಿಯರಿನ ಎರಡು ಗಾತ್ರಗಳಿವೆ. ಆಡಿಯೊ ಮಾರ್ಗಕ್ಕೆ 16 ಆಂಪಿಯರಿನ ಸಾಕೆಟ್ಟುಗಳನ್ನು ಹಾಕಿ, ಸಣ್ಣ ಪ್ಲಗ್ಗುಗಳಿಗೆ ಅದೇ ಫಲಕದಲ್ಲಿ 6 ಆಂಪಿಯರಿನ ಕೆಲವನ್ನು ಸೇರಿಸಬಹುದು. ಒಂದು ಪಟ್ಟಿಗೆ ಇನ್ನೊಂದು ಪಟ್ಟಿ ಸಿಕ್ಕಿಸುವ ಎಕ್ಸ್‌ಟೆನ್ಶನ್ ಸಾಲಿಗಿಂತ ಗೋಡೆಯಲ್ಲೇ ಬೇಕಾದಷ್ಟು ಸಾಕೆಟ್ಟುಗಳಿರುವುದು ಸುರಕ್ಷಿತ, ನಿಶ್ಶಬ್ದವೂ ಹೌದು.

ಮನೆಯ ವೈರಿಂಗಿನಲ್ಲಿ ಕೆಡುವುದು ಹೆಚ್ಚಾಗಿ ತಂತಿಯಲ್ಲ, ಕೂಡುಬಿಂದು. ಕೆಲವು ವರ್ಷ ಬಳಸಿದ ಸ್ವಿಚ್ ಫಲಕವನ್ನು ಬಿಚ್ಚಿದರೆ ಸಡಿಲವಾದ ತಿರುಪಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು, ತಾಮ್ರದ ಎಳೆಗಳು ಕಪ್ಪಾಗಿ ಹೊದಿಕೆ ಗಡುಸಾಗಿ ಹಿಂದೆ ಸರಿದಿರುವುದು ಕಾಣುತ್ತದೆ. ಮೆತು ತಂತಿಯ ಎಳೆಗಳನ್ನು ಹಾಗೆಯೇ ತಿರುಪಿನ ಕೆಳಗೆ ತುರುಕಿದಾಗ ಕೆಲವು ಎಳೆಗಳು ಕಡಿದು, ಉಳಿದವು ಕಾಲಕ್ರಮದಲ್ಲಿ ಹರಡಿಕೊಂಡು ಸಂಪರ್ಕ ಸಡಿಲಾಗುತ್ತದೆ. ಸಡಿಲ ಸಂಪರ್ಕ ಕಾಯುತ್ತದೆ, ಸಣ್ಣ ಕಿಡಿಗಳನ್ನು ಹಾರಿಸುತ್ತದೆ. ಆ ಕಿಡಿಗಳು ಸ್ಪೀಕರಿನಲ್ಲಿ ಚಿಟಚಿಟ ಸದ್ದಾಗಿ ಕೇಳುತ್ತವೆ. ಹೊದಿಕೆಯನ್ನು ಕಂಡಿಯ ಆಳದಷ್ಟೇ ಸುಲಿದು, ಎಳೆಗಳ ತುದಿಗೆ ಫೆರೂಲ್ ಕೊಳವೆ ತೊಡಿಸಿ ಅದರದೇ ಇಕ್ಕುಳದಿಂದ ಒತ್ತಿ, ತಿರುಪನ್ನು ಬಿಗಿದು, ಒಮ್ಮೆ ಎಳೆದು ನೋಡಬೇಕು. ಎಳೆಗಳಿಗೆ ಬೆಸುಗೆ ಹಾಕಿ ತಿರುಪಿನಡಿ ಇಡಬಾರದು. ಬೆಸುಗೆಯ ಲೋಹ ಒತ್ತಡಕ್ಕೆ ಸರಿಯುತ್ತದೆ. ಪೆಟ್ಟಿಗೆಯಿಂದ ಫಲಕದವರೆಗೆ ನಡುವೆ ಗಂಟು ಇಲ್ಲದ ಒಂದೇ ತಂತಿ ಇರಬೇಕು. ಸ್ಪೀಕರ್, ಸಿಗ್ನಲ್ ಮತ್ತು ಇಂಟರ್ನೆಟ್ ಕೇಬಲುಗಳನ್ನು ಬೇರೆ ಕೊಳವೆಯಲ್ಲಿ, ಸುಮಾರು 30 ಸೆಂ.ಮೀ. ಅಂತರದಲ್ಲಿ ಒಯ್ಯಬೇಕು; ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಬೇಕು.

ಇನ್ವರ್ಟರ್ ಮತ್ತು ಸ್ಟೆಬಿಲೈಸರ್

ಹಲವು ಮನೆಗಳಲ್ಲಿ ಹಜಾರದ ಸಾಕೆಟ್ಟುಗಳು ಇನ್ವರ್ಟರ್ ಮಾರ್ಗದಲ್ಲಿರುತ್ತವೆ. ಚೌಕ ಅಲೆಯ ಇನ್ವರ್ಟರುಗಳು ಟ್ರಾನ್ಸ್‌ಫಾರ್ಮರುಗಳನ್ನು ಗುಯ್‌ಗುಟ್ಟಿಸುತ್ತವೆ, ಅವುಗಳ ಚೂಪಾದ ಅಂಚುಗಳು ಆಂಪ್ಲಿಫೈಯರಿನೊಳಗೂ ನುಸುಳುತ್ತವೆ. ಆಡಿಯೊ ಮಾರ್ಗವನ್ನು ಇನ್ವರ್ಟರಿನಿಂದ ಹೊರಗಿಡುವುದು ಮೇಲು. ಬೇಕೇಬೇಕೆಂದರೆ ಶುದ್ಧ ಸೈನ್ ಅಲೆಯ ಇನ್ವರ್ಟರ್ ಆಗಬೇಕು. ಪಂಪ್‌ಸೆಟ್ಟುಗಳ ಹೊರೆಯಿಂದ ವೋಲ್ಟೇಜ್ ಏರಿಳಿಯುವ ಹಳ್ಳಿಗಳಲ್ಲಿ ಸ್ಟೆಬಿಲೈಸರ್ ಅನಿವಾರ್ಯವಾಗಬಹುದು. ರಿಲೇ ಬಗೆಯದು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತಾ ಪ್ರತಿ ಬಾರಿಯೂ ಟಕ್ಕೆನ್ನುತ್ತದೆ. ಸರ್ವೊ ಬಗೆಯದು ನಯವಾಗಿ ಸರಿಪಡಿಸುತ್ತದೆ.

ಇತರ ದೇಶಗಳ ಪದ್ಧತಿ

ಪ್ರತ್ಯೇಕ ಆಡಿಯೊ ಮಾರ್ಗದ ಚರ್ಚೆ ಅಮೆರಿಕದಲ್ಲಿ ಹೆಚ್ಚು, ಅದಕ್ಕೆ ಕಾರಣವೂ ಇದೆ. ಅಲ್ಲಿನ ಸಾಕೆಟ್ಟಿನ ವೋಲ್ಟೇಜ್ 120. ಅದೇ ಶಕ್ತಿಗೆ ಸುಮಾರು ಎರಡು ಪಟ್ಟು ಪ್ರವಾಹ ಬೇಕು, ಅದೇ ತಂತಿಯಲ್ಲಿ ಶೇಕಡಾವಾರು ಇಳಿತ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಅಲ್ಲಿ 20 ಆಂಪಿಯರಿನ ಮಾರ್ಗಕ್ಕೆ 12 ಗೇಜಿನ, ಅಂದರೆ 3.3 ಚ.ಮಿ.ಮೀ. ತಂತಿ ಕನಿಷ್ಠವಾಗಿದ್ದು, ಆಡಿಯೊಗೆ 10 ಗೇಜಿನ 5.3 ಚ.ಮಿ.ಮೀ. ತಂತಿಯನ್ನು ಹಲವರು ಬಯಸುತ್ತಾರೆ. ಅಲ್ಲಿನ ಸಲಹೆಯನ್ನು 230 ವೋಲ್ಟ್ ಇರುವ ಮನೆಗೆ ಹಾಗೆಯೇ ತರುವ ಅಗತ್ಯವಿಲ್ಲ. ಎರಡೂ ತಂತಿಗಳಲ್ಲಿ ನೆಲಕ್ಕೆ 60 ವೋಲ್ಟ್ ಇರುವ ಸಮತೋಲಿತ ಸರಬರಾಜಿಗೂ ಅಮೆರಿಕದ ವಿದ್ಯುತ್ ಸಂಹಿತೆಯಲ್ಲಿ ನಿಯಮಗಳಿವೆ. ಅದು ವೃತ್ತಿಪರ ಸ್ಟುಡಿಯೊಗಳಂಥ ಕಡೆಗೆ ಉದ್ದೇಶಿಸಿದ್ದು, ವಾಸದ ಮನೆಗಳಿಗೆ ಅಲ್ಲ. ಬ್ರಿಟನ್ನಿನಲ್ಲಿ ಸಾಕೆಟ್ಟುಗಳು ಸಾಮಾನ್ಯವಾಗಿ 32 ಆಂಪಿಯರಿನ ಉಂಗುರಾಕಾರದ ಮಾರ್ಗದಲ್ಲಿರುತ್ತವೆ. ಆಡಿಯೊಗೆ ಪೆಟ್ಟಿಗೆಯಿಂದ ನೇರವಾದ ಮಾರ್ಗ ಎಳೆಸುತ್ತಾರೆ. ಅಲ್ಲಿನ ಚಪ್ಪಟೆ ಕೇಬಲಿನಲ್ಲಿ ಅರ್ಥ್ ತಂತಿ ಎರಡರ ನಡುವೆ ಇರುವುದರಿಂದ ಪ್ರೇರಣೆಯ ತೊಂದರೆ ತಾನಾಗಿಯೇ ಕಡಿಮೆ.

ವಿಶೇಷ ತಂತಿಗಳ ವಾದ

ಅತಿಶೀತದಲ್ಲಿ ಸಂಸ್ಕರಿಸಿದ ತಾಮ್ರ, ಒಂದೇ ಹರಳಿನ ತಾಮ್ರ, ದಿಕ್ಕು ಗುರುತಿಸಿದ ತಂತಿ ಮೊದಲಾದವು ಧ್ವನಿಯನ್ನು ಸುಧಾರಿಸುತ್ತವೆ ಎಂದು ಹೇಳಿ ಬಹಳ ಬೆಲೆಗೆ ಮಾರಾಟವಾಗುತ್ತವೆ. ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗೆ ವಿದ್ಯುತ್ತು ನೂರಾರು ಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಬರುತ್ತದೆ. ಉಪಕರಣದೊಳಗೆ ಅದು ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ಕೆಪಾಸಿಟರುಗಳನ್ನು ದಾಟಿ ನೇರ ವಿದ್ಯುತ್ತಾದ ಮೇಲಷ್ಟೇ ಸಂಗೀತವನ್ನು ನಡೆಸುತ್ತದೆ. ಈ ನಡುವಿನ ಕೆಲವು ಮೀಟರ್ ತಾಮ್ರದ ಹರಳಿನ ರಚನೆಗೆ ಅಳೆಯಬಹುದಾದ ಪಾತ್ರ ಉಳಿಯುವುದಿಲ್ಲ. ಐ.ಎಸ್.ಐ. ಗುರುತಿಲ್ಲದ ವಿಶೇಷ ತಂತಿಯನ್ನು ಗೋಡೆಯೊಳಗೆ ಹಾಕುವುದರಿಂದ ಸುರಕ್ಷತೆ ಕುಂದುವ ಸಾಧ್ಯತೆಯೇ ಹೆಚ್ಚು. ಆ ಹಣದಿಂದ ಆರ್.ಸಿ.ಬಿ.ಒ., ಸರ್ಜ್ ರಕ್ಷಕ ಮತ್ತು ಒಳ್ಳೆಯ ಅರ್ಥಿಂಗ್ ಮೂರೂ ಆಗುತ್ತವೆ. ಬೇರೆ ಬೇರೆ ಆಯ್ಕೆಗಳ ನಡುವೆ ಹಣ ಹಂಚಬೇಕಾದಾಗ ಕ್ರಮ ಹೀಗಿರಬೇಕು: ಮೊದಲು ಅರ್ಥಿಂಗ್ ಮತ್ತು ರಕ್ಷಣಾ ಸಾಧನ, ನಂತರ ಬಿಗಿಯಾದ ಕೂಡುಬಿಂದುಗಳು, ನಂತರ ತಂತಿಗಳ ವಿನ್ಯಾಸ, ಆಮೇಲೆ ಗಾತ್ರ, ಕೊನೆಗೆ ಉಳಿದದ್ದೆಲ್ಲ.

ಅನುಷ್ಠಾನ ಮತ್ತು ಪರೀಕ್ಷೆ

ಕರ್ನಾಟಕದಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಕಂಪನಿಗಳು ವಿದ್ಯುತ್ ಸರಬರಾಜು ಮಾಡುತ್ತವೆ. ಹೊಸ ಮಾರ್ಗದಿಂದ ಮನೆಯ ಹೊರೆ ಮಂಜೂರಾದ ಮಿತಿಯನ್ನು ದಾಟುವುದಾದರೆ ಅದನ್ನು ಹೆಚ್ಚಿಸಿಕೊಳ್ಳಬೇಕು. ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ಕೆಲಸ ಮುಗಿದ ಮೇಲೆ, ಉಪಕರಣಗಳನ್ನು ಸಿಕ್ಕಿಸುವ ಮೊದಲು, ಕ್ರಮವಾಗಿ ಕೆಲವು ಪರೀಕ್ಷೆಗಳಾಗಬೇಕು. ಪೆಟ್ಟಿಗೆಯ ಅರ್ಥ್ ಪಟ್ಟಿಯಿಂದ ಸಾಕೆಟ್ಟಿನ ಅರ್ಥ್ ಕಂಡಿಯವರೆಗೆ ರೋಧ ತಂತಿಯ ಲೆಕ್ಕಕ್ಕೆ ಹೊಂದಬೇಕು. 20 ಮೀಟರ್ ಉದ್ದದ 4 ಚ.ಮಿ.ಮೀ. ತಂತಿಗೆ ಅದು 0.1 ಓಮ್‌ನ ಸಮೀಪ ಇರುತ್ತದೆ. 500 ವೋಲ್ಟ್ ನೇರ ವಿದ್ಯುತ್ತಿನ ಮೆಗ್ಗರಿನಿಂದ ಅಳೆದಾಗ ತಂತಿಗಳ ನಡುವಿನ ಅವಾಹಕ ರೋಧ 1 ಮೆಗಾಓಮ್‌ಗಿಂತ ಕಡಿಮೆ ಇರಬಾರದು. ಹೊಸ ತಂತಿಯಲ್ಲಿ ಅದು ಬಹಳ ಹೆಚ್ಚೇ ಇರುತ್ತದೆ. ಸಾಕೆಟ್ಟಿನ ಅರ್ಥ್ ಕಂಡಿ ಮೇಲಿರುವಂತೆ ಎದುರಿನಿಂದ ನೋಡಿದಾಗ ಫೇಸ್ ಬಲಗಡೆ ಇದೆಯೇ, ಸ್ವಿಚ್ ಫೇಸನ್ನೇ ಕಡಿಯುತ್ತದೆಯೇ ಎಂದು ನೋಡಬೇಕು. ಆರ್.ಸಿ.ಬಿ.ಒ.ದ ಪರೀಕ್ಷಾ ಗುಂಡಿ ಒತ್ತಿ ಅದು ಬೀಳುವುದನ್ನು ಖಚಿತಪಡಿಸಿಕೊಳ್ಳಬೇಕು. ಬಳಕೆ ಆರಂಭವಾದ ಮೇಲೆ ಇದೇ ಗುಂಡಿಯನ್ನು ಕೆಲವು ತಿಂಗಳಿಗೊಮ್ಮೆ ಒತ್ತುವುದು, ಬೇಸಿಗೆಗೆ ಮುನ್ನ ಅರ್ಥ್ ಗುಂಡಿಗೆ ನೀರು ಹಾಕಿ ಅದರ ರೋಧ ಅಳೆಸುವುದು, ವರ್ಷಕ್ಕೊಮ್ಮೆ ಮುಖ್ಯ ಸ್ವಿಚ್ ಆರಿಸಿ ಫಲಕದ ತಿರುಪುಗಳನ್ನು ಮತ್ತೆ ಬಿಗಿಸುವುದು ಈ ಮಾರ್ಗಕ್ಕೆ ಬೇಕಾದ ಪಾಲನೆ.